ಸುಡದೆ ಉಳಿದ ಕುಲುಮೆ

ನೌಕರಿಯ ಹುಕುಂ ಮರಾಠಿಯಲ್ಲಿ ಬಂದಿತ್ತು. ಅಪ್ಪನಿಗೆ ಮರಾಠಿ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಕುಲುಮೆಯ ಮುಂದೆ ಕೂತವನಿಗೆ ನಾನೇ ಓದಿ ಹೇಳಿದೆ. ಮುಧೋಳ ಸಂಸ್ಥಾನದ ಇಂಥ ಹಳ್ಳಿಯಲ್ಲಿ ಹೊಸದಾಗಿ ತೆರೆದ ಹೆಣ್ಣುಮಕ್ಕಳ ಶಾಲೆಗೆ ನನ್ನನ್ನು ನೇಮಿಸಲಾಗಿದೆ, ಹದಿನೈದು ದಿನದೊಳಗೆ ಹಾಜರಾಗಬೇಕು ಎಂದಿತ್ತು. ಊರಿನ ಹೆಸರು ಕಿವಿಗೆ ಬಿದ್ದದ್ದೇ ಅಪ್ಪ ತಿದಿ ಒತ್ತುವುದನ್ನು ನಿಲ್ಲಿಸಿದ.

“ಯಾ ಊರು ಅಂದಿ? ಇನ್ನೊಮ್ಮೆ ಓದು.”

ಓದಿದೆ.

“ಆ ಊರು ಬ್ಯಾಡ,” ಎಂದ. “ಬ್ಯಾರೆ ಎಲ್ಲೆರ ಕೊಟ್ರ ಹೋಗು. ಅಲ್ಲಿ ಮಾತ್ರ ಬ್ಯಾಡ.”

ನಾನು ಹದಿನಾರಕ್ಕೆ ಮದುವೆಯಾಗಿ, ಹದಿನೇಳಕ್ಕೆ ಗಂಡನನ್ನು ಕಳೆದುಕೊಂಡು ಬನಹಟ್ಟಿಗೆ ಮರಳಿದವಳು. ಅಪ್ಪ ಮಗ್ಗಗಳಿಗೆ ಕಬ್ಬಿಣದ ಸಾಮಾನು ಮಾಡಿಕೊಡುವ ಕಮ್ಮಾರ. ಬಂಧುಗಳು ಏನೆಂದರೂ ಕಿವಿಗೆ ಹಾಕಿಕೊಳ್ಳದೆ ನನ್ನನ್ನು ಧಾರವಾಡಕ್ಕೆ ಕಳಿಸಿ ಮಾಸ್ತರಿಕೆಯ ತರಬೇತಿ ಕೊಡಿಸಿದವನು ಅವನೇ. ಆ ವರ್ಷ ನಮ್ಮ ಜಮಖಂಡಿ ಸಂಸ್ಥಾನದಲ್ಲಿ ಜಾಗ ಇರಲಿಲ್ಲವೆಂದು ಮುಧೋಳಕ್ಕೆ ಅರ್ಜಿ ಹಾಕಿದ್ದೆ. ಇಷ್ಟೆಲ್ಲ ಧೈರ್ಯ ಮಾಡಿದ ಅಪ್ಪ ಒಂದು ಊರಿನ ಹೆಸರಿಗೆ ಹಿಂದೆ ಸರಿದದ್ದು ನನಗೆ ಅರ್ಥವಾಗಲಿಲ್ಲ.

ಅರ್ಥ ಮಾಡಿಸಿದವಳು ಅತ್ತೆ, ಅಪ್ಪನ ಅಕ್ಕ. ಅವಳೂ ನನ್ನ ಹಾಗೆಯೇ ಎಳೆ ವಯಸ್ಸಿನಲ್ಲಿ ತವರು ಸೇರಿದವಳು. ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಹೇಳಿದಳು.

“ನಮ್ಮ ಮೂಲ ಊರು ಅದು. ಬೇಡರ ಊರು. ನಮ್ಮ ಮುತ್ಯಾ ಅಲ್ಲಿ ಕಮ್ಮಾರಿಕಿ ಮಾಡತಿದ್ದ. ನಮ್ಮಪ್ಪ ಇನ್ನೂ ಎದಿ ಹಾಲು ಕುಡಿಯೋ ಕೂಸು ಇದ್ದಾಗ ಬೇಡರು ಕುಂಪಣಿ ಮ್ಯಾಲ ದಂಗೆ ಎದ್ರು. ದಂಡು ಬಂದು ಊರು ಸುಟ್ಟಿತು. ಸುಡಲಾರದ ಉಳದದ್ದು ನಮ್ಮ ಕುಲುಮಿ ಒಂದ. ಇಂವ ಊರು ಮಾರ್ಯಾನ ಅಂತ ಮಂದಿ ಅಂದ್ರು. ಮುತ್ಯಾ ಹೇಣ್ತಿ ಮಕ್ಕಳನ್ನ ಕಟಗೊಂಡು ಇಲ್ಲಿಗೆ ಬಂದ.”

“ಮಾರಿದ್ದು ಖರೇನ ಅತ್ತಿ?”

“ಯಾರಿಗೆ ಗೊತ್ತ. ಆ ಮಾತು ತಗದ್ರ ಎದ್ದು ಹೋಗತಿದ್ನಂತ. ಸಾಯೋ ತನಕ ಬಾಯಿ ಬಿಡಲಿಲ್ಲ.”

ಎಪ್ಪತ್ತು ವರ್ಷ ದಾಟಿದ ಸಂಗತಿ. ಆದರೂ ಅದು ನಮ್ಮ ಮನೆಯಲ್ಲಿ ಇನ್ನೂ ನಿನ್ನೆ ಮೊನ್ನೆಯದಾಗಿತ್ತು. ನಾನು ಎರಡು ದಿನ ಯೋಚಿಸಿ ಅಪ್ಪನ ಎದುರು ಹೋಗಿ ನಿಂತೆ.

“ನಾ ಆ ಊರಿಗೇ ಹೋಗತೇನಿ ಅಪ್ಪಾ. ಮಾರಿದ್ರ ಅದೂ ಗೊತ್ತಾಗಲಿ, ಮಾರಿಲ್ಲಂದ್ರ ಅದೂ ಗೊತ್ತಾಗಲಿ. ಎಷ್ಟು ದಿನ ಹಿಂಗ ಅಂಜಿಕೋತ ಇರೂದು?”

ಅಪ್ಪ ಮತ್ತೆ ತಿದಿ ಒತ್ತತೊಡಗಿದ. ಒಳಗಿಂದ ಅತ್ತೆ ಹೇಳಿದಳು: “ಒಬ್ಬಾಕಿನ್ನ ಕಳಸಬ್ಯಾಡೋ ತಮ್ಮಾ. ನಾ ಜೋಡಿ ಹೋಗತೇನಿ.”

ಮಹಾಲಿಂಗಪುರದಿಂದ ಮುಧೋಳಕ್ಕೆ ಮೋಟಾರು, ಅಲ್ಲಿಂದ ಮುಂದೆ ಚಕ್ಕಡಿ. ಮುಧೋಳದಿಂದ ಬೀಳಗಿಯ ಕಡೆಗೆ ಚಾಚಿದ ಕುರುಚಲು ಗುಡ್ಡಗಳ ನಡುವೆ ಬೇಡರ ಊರುಗಳು ಹಲವು; ನಾವು ಇಳಿದದ್ದು ಅವುಗಳಲ್ಲಿ ಒಂದು. ಗೋಡೆಗಳ ಬುಡದ ಕಲ್ಲುಗಳು ಅಲ್ಲಲ್ಲಿ ಇನ್ನೂ ಕಪ್ಪಾಗಿದ್ದವು. ಸುಟ್ಟ ಅಡಿಪಾಯದ ಮೇಲೆಯೇ ಮತ್ತೆ ಮನೆ ಕಟ್ಟಿಕೊಂಡಿದ್ದರು. ಊರಲ್ಲಿ ಕಮ್ಮಾರನಿರಲಿಲ್ಲ. ನೇಗಿಲ ಕುಳ ಬಡಿಸಬೇಕಾದರೂ ಲೋಕಾಪುರಕ್ಕೆ ಹೋಗುತ್ತಿದ್ದರು. ಊರಂಚಿನಲ್ಲಿ ಹಳೆಯ ಕುಲುಮೆಯ ಛಾವಣಿ ಬಿದ್ದ ಕಲ್ಲಿನ ಕಟ್ಟಡವೊಂದಿತ್ತು. ಅದರ ಕಲ್ಲನ್ನು ಕೂಡ ಯಾರೂ ಕಿತ್ತು ಒಯ್ದಿರಲಿಲ್ಲ. ನೀರಿಗೆ ಹೋಗುವಾಗ ಅತ್ತೆ ದಿನಾಲು ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದಳು.

ಶಾಲೆ ನಡೆಯುತ್ತಿದ್ದದ್ದು ಹನುಮಪ್ಪನ ಗುಡಿಯ ಪೌಳಿಯಲ್ಲಿ, ಅಂದರೆ ಸುತ್ತುಗೋಡೆಯ ಒಳಗಿನ ಪಡಸಾಲೆಯಲ್ಲಿ. ಹದಿನಾಲ್ಕು ಹುಡುಗಿಯರು ಒಳಗೆ. ಮಾದರ ಕೇರಿಯ ಮೂವರು ಪೌಳಿಯ ಹೊರಗೆ, ಬಿಸಿಲಿನಲ್ಲಿ. ಅವರಿಗೆ ಗುಡಿಯ ಒಳಗೆ ಪ್ರವೇಶವಿರಲಿಲ್ಲ. ಅವರಿಗೆ ಕೇಳಲೆಂದು ನಾನು ದನಿ ಎತ್ತರಿಸಿ ಪಾಠ ಹೇಳುತ್ತಿದ್ದೆ. ಅಷ್ಟರಿಂದಲೇ ನನ್ನ ಕರ್ತವ್ಯ ಮುಗಿಯಿತೆಂದು ಮೊದಲ ಎರಡು ತಿಂಗಳು ಸಮಾಧಾನ ಪಟ್ಟುಕೊಂಡಿದ್ದೆ. ಅದನ್ನು ಈಗ ಮುಚ್ಚಿಡುವುದಿಲ್ಲ.

ನಾವು ಬನಹಟ್ಟಿಯವರು, ಕಮ್ಮಾರರು ಎಂದಷ್ಟೇ ಊರಿಗೆ ಗೊತ್ತಿತ್ತು. ಊರಿನ ಹಿರಿಯರೊಬ್ಬರು, ಅರವತ್ತರ ಆಸುಪಾಸಿನ ಬೇಡ ಯಜಮಾನರು, ನಮಗೆ ಮನೆ ಕೊಡಿಸಿದ್ದರು. ಅವರ ಮೊಮ್ಮಗಳು ನನ್ನ ಶಾಲೆಗೆ ಬರುತ್ತಿದ್ದಳು. ಒಂದು ದಿನ ಅವರು ಶಾಲೆ ನೋಡಲು ಬಂದು, ಖುಷಿಯಿಂದ ಕೂತು, ಹುಡುಗಿಯರಿಗೆ ಊರಿನ ಕತೆ ಹೇಳತೊಡಗಿದರು. ಆಯುಧಗಳನ್ನೆಲ್ಲ ತಂದು ಒಪ್ಪಿಸಬೇಕೆಂದು ಕುಂಪಣಿ ಹುಕುಂ ಹೊರಡಿಸಿದ್ದು. “ನಾವು ಬ್ಯಾಟಿ ಆಡೋ ಮಂದಿ, ಊರು ಕಾಯೋ ಮಂದಿ. ಬಂದೂಕ ಕೊಡೂದು ಅಂದ್ರ ಕೈ ಕಡದು ಕೊಟ್ಟಂಗ. ಕೊಡೂದಿಲ್ಲ ಅಂದ್ರು ನಮ್ಮ ಹಿರ್ಯಾರು.” ದಂಡು ಬಂದದ್ದು, ಊರಿಗೆ ಬೆಂಕಿ ಬಿದ್ದದ್ದು, ಹಿಡಿದವರನ್ನು ಮುಧೋಳಕ್ಕೆ ಒಯ್ದು ನೇಣಿಗೆ ಹಾಕಿದ್ದು. ಅವರ ದನಿಯಲ್ಲಿ ಸೊಕ್ಕಿರಲಿಲ್ಲ. ಸತ್ತವರಲ್ಲಿ ಅವರ ದೊಡ್ಡಪ್ಪನೂ ಒಬ್ಬರು.

ಕಡೆಗೆ ಮಕ್ಕಳನ್ನು ಕೇಳಿದರು. “ದಂಡಿನ ಮುಂದ ಎದಿ ಕೊಟ್ಟು ನಿಂತಾವರು ಯಾರು?”

“ಬೇಡರು,” ಎಂದರು ಹುಡುಗಿಯರು ಒಕ್ಕೊರಲಿನಿಂದ.

“ಊರು ಮಾರಿದಾಂವ ಯಾರು?”

“ಕಮ್ಮಾರ.”

ಮನೆಮನೆಯಲ್ಲೂ ಕಲಿತ ಉತ್ತರ ಅದು. ಏಳೆಂಟು ವರ್ಷದ ಮಕ್ಕಳು ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದವು. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಆಗ ಸುಮ್ಮನಿದ್ದರೆ ಅಲ್ಲಿಗೆ ಬಂದದ್ದೇ ವ್ಯರ್ಥ ಅನ್ನಿಸಿತು.

“ಹಿರ್ಯಾರ, ಆ ಕಮ್ಮಾರ ನಮ್ಮ ಮುತ್ಯಾನ ಅಪ್ಪ,” ಎಂದೆ.

ಅವರು ಬೈಯಲಿಲ್ಲ. ಮೊಮ್ಮಗಳ ಕೈ ಹಿಡಿದು ಎಬ್ಬಿಸಿಕೊಂಡು ಹೋದರು. ಮರುದಿನ ಪೌಳಿ ಖಾಲಿಯಾಗಿತ್ತು.

ಬಾವಿಯಲ್ಲಿ ಹೆಂಗಸರು ಅತ್ತೆಯೊಂದಿಗೆ ಮಾತು ಬಿಟ್ಟರು. ಹಾಲು ಹಾಕುವವಳು ಬರಲಿಲ್ಲ. ಸಂಜೆ ಅತ್ತೆ ಕೇಳಿದಳು, “ಗಂಟುಮೂಟಿ ಕಟ್ಟೂಣೇನು?”

“ಇಲ್ಲ ಅತ್ತಿ. ಬ್ಯಾರೆ ಹುಕುಂ ಬರೋ ತನಕ ಗಂಟಿ ಹೊಡಿಯೂದು ನನ್ನ ಕೆಲಸ. ಬರೂದು ಬಿಡೂದು ಅವರ ಕೆಲಸ.”

ದಿನಾಲು ಹೊತ್ತಿಗೆ ಸರಿಯಾಗಿ ಗಂಟೆ ಹೊಡೆದೆ. ಕಸ ಗುಡಿಸಿದೆ. ಕರಿಹಲಗೆಯ ಮೇಲೆ ಅಂದಿನ ಪಾಠ ಬರೆದೆ. ಖಾಲಿ ಎಂದೆನಾದರೂ ಪೂರ್ತಿ ಖಾಲಿ ಇರಲಿಲ್ಲ. ಮಾದರ ಕೇರಿಯ ಮೂವರು ಮಾತ್ರ ಎಂದಿನಂತೆ ಬಂದು ಬಿಸಿಲಿನಲ್ಲಿ ಕೂತಿದ್ದರು.

“ನಿಮಗ ಯಾರೂ ಬರಬ್ಯಾಡ ಅನ್ನಲಿಲ್ಲೇನು?” ಎಂದು ದೊಡ್ಡವಳನ್ನು ಕೇಳಿದೆ.

“ನಮಗ ಹೇಳಾಕ ಯಾರೂ ಬಂದಿಲ್ಲರಿ ಅಕ್ಕೋರ,” ಎಂದಳು.

ಖಾಲಿ ಪೌಳಿಯ ನೆರಳಿನಲ್ಲಿ ನಾನೊಬ್ಬಳೇ ನಿಂತಿದ್ದೆ, ಮಕ್ಕಳು ಸುಡುವ ನೆಲದ ಮೇಲೆ. ನನಗೆ ನಾಚಿಕೆಯಾಯಿತು. ಕರಿಹಲಗೆ ಎತ್ತಿಕೊಂಡು ಹೊರಗೆ ಬಂದೆ. ಗುಡಿಯಿಂದ ಸ್ವಲ್ಪ ದೂರದ ಬೇವಿನ ಮರದ ಕೆಳಗೆ ನಾಲ್ವರೂ ಕೂತೆವು. ಅಂದಿನಿಂದ ನನ್ನ ಶಾಲೆ ಅಲ್ಲಿಯೇ ನಡೆಯಿತು.

ಹನ್ನೊಂದನೆಯ ದಿನ ಒಬ್ಬ ಮುದುಕಿ ಕೋಲೂರಿಕೊಂಡು ಬಂದಳು. ಎಂಬತ್ತು ದಾಟಿದವಳು, ಬೆನ್ನು ಬಿಲ್ಲಿನಂತೆ ಬಾಗಿತ್ತು. ಅವಳು ಯಜಮಾನರ ದೊಡ್ಡಪ್ಪನ ಮಗಳು. ಮುಧೋಳದಲ್ಲಿ ನೇಣಿಗೇರಿದವನ ಮಗಳು. ಊರೆಲ್ಲ ಅವಳನ್ನು ಆಯಿ ಎನ್ನುತ್ತಿತ್ತು. ಮರದ ಕೆಳಗೆ ಕೂತು, ಅತ್ತೆಯನ್ನು ಕರೆಸು ಎಂದಳು. ಅತ್ತೆ ಬಂದ ಮೇಲೆ ಅವಳ ಮುಖವನ್ನು ಹತ್ತಿರದಿಂದ ನೋಡಿದಳು.

“ಆ ಕೂಸಿನ ಮಗಳು ನೀನ?”

“ಹೌದ್ರಿ ಆಯಿ.”

“ನಿಮ್ಮಪ್ಪನ ಅಳು ಇನ್ನೂ ನನ್ನ ಕಿವ್ಯಾಗ ಐತಿ,” ಎಂದಳು ಮುದುಕಿ. ಆಮೇಲೆ ನನ್ನ ಕಡೆ ತಿರುಗಿದಳು. “ನಿಮ್ಮ ಮುತ್ಯಾನ ಅಪ್ಪ ಬಂದೂಕ ಒಡದಾ. ಖರೆ. ನಾ ಸಪ್ಪಳ ಕೇಳೇನಿ. ದಂಡಿನವರು ಹಿಡದ ಬಂದೂಕೆಲ್ಲಾ ಅವನ ಕುಲುಮಿ ಮುಂದ ರಾಶಿ ಹಾಕಿ, ಇವನ್ನ ಮುರದು ಹಾಕು ಅಂದ್ರು. ಬೆನ್ನಿಗೆ ಇಬ್ಬರು ಸಿಪಾಯಿ ನಿಂತಿದ್ರು. ಮೂರು ದಿನ ಒಡದಾ.”

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಲ್ಲಿಯವರೆಗೂ ಅವಳೊಳಗೆ ಏನೋ ಒಂದು ಆಸೆ ಉಳಿದಿತ್ತೆಂದು ತೋರುತ್ತದೆ.

“ತಡಿ, ಪೂರಾ ಕೇಳು,” ಎಂದಳು ಮುದುಕಿ. “ನಾ ಎಲ್ಲಿಂದ ಕೇಳಿದೆ ಅಂತ ಕೇಳಲಿಲ್ಲ ನೀವು. ಕುಲುಮಿ ಹಿಂದ ಇದ್ದಲಿ ಹಾಕೋ ತಗ್ಗಿನ್ಯಾಗಿಂದ. ನಾನು, ನನ್ನ ತಮ್ಮ, ಓಣಿಯ ಇನ್ನೊಂದು ಹುಡುಗಿ. ಊರಿಗೆ ಬೆಂಕಿ ಬಿದ್ದಾಗ ಕಮ್ಮಾರನ ಹೇಣ್ತಿ ನಮ್ಮನ್ನ ಎಳಕೊಂಡು ಹೋಗಿ ಅದರಾಗ ಇಳಿಸಿ, ಮ್ಯಾಲ ಬುಟ್ಟಿ ಮುಚ್ಚಿ ಇದ್ದಲಿ ಸುರದ್ಲು. ಆ ಧೂಳಿಗೆ ನಮಗ ಕೆಮ್ಮು ಬರತಿತ್ತು. ನಾವು ಕೆಮ್ಮಿದಾಗೆಲ್ಲಾ ಆಕಿ ತನ್ನ ಕೂಸಿನ ತೊಡಿ ಚಿವುಟತಿದ್ಲು. ಕೂಸು ಚೀರತಿತ್ತು. ಸಿಪಾಯಿಗೋಳಿಗೆ ಕೂಸಿನ ಅಳು ಬಿಟ್ಟು ಬ್ಯಾರೆ ಏನೂ ಕೇಳಲಿಲ್ಲ.”

ಅತ್ತೆ ಬಾಯಿಯ ಮೇಲಿನ ಸೆರಗು ತೆಗೆದಳು. “ನಮ್ಮಪ್ಪನ ತೊಡಿ ಚಿವುಟಿದ್ಲಾ,” ಎಂದಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ.

“ಇಷ್ಟು ವರ್ಷ ಯಾಕ ಹೇಳಲಿಲ್ಲ ಆಯಿ?” ಎಂದು ಕೇಳಿದೆ. ನನ್ನ ದನಿ ಗಡುಸಾಗಿತ್ತು.

“ಹೇಳಿದೆ. ಆಗ ಒಂಬತ್ತು ವರ್ಷದಾಕಿ. ಗುಡ್ಡದಾಗ ಉಳಕೊಂಡಿದ್ದ ನಮ್ಮ ಕಾಕಾ ಬಂದ. ಅವನ ಮುಂದ ಹೇಳಿದೆ. ಅಂವ ನನ್ನ ಬಾಯಿ ಮ್ಯಾಲ ಹೊಡದ. ಕಮ್ಮಾರನ ಮನ್ಯಾಗ ಉಳಕೊಂಡಿ ಅಂತ ಗೊತ್ತಾದ್ರ ನಮ್ಮ ಮನಿತನಾನೂ ಊರು ಮಾರೈತಿ ಅಂತಾರ, ಉಸುರು ಬಿಡಬ್ಯಾಡ ಅಂದ. ನಮ್ಮಪ್ಪ ಹೋಗಿದ್ದ, ಅವ್ವ ಹೋಗಿದ್ಲು. ಕೂಳು ಹಾಕಾವ ಕಾಕಾನ. ಆಮ್ಯಾಲ ಊರಿಗೂ ಬೈಯಾಕ ಒಬ್ಬಾಂವ ಬೇಕಾಗಿದ್ದ. ಕುಂಪಣಿಗೆ ಬೈದ್ರ ಮತ್ತ ಬೆಂಕಿ. ಬಿಟ್ಟು ಹೋದ ಕಮ್ಮಾರ ಎದುರು ಮಾತಾಡೂದಿಲ್ಲಲ್ಲ.”

ಅವಳು ನೀರು ಕೇಳಿ ಕುಡಿದಳು. ಆಮೇಲೆ ನಾನು ಎಂದೂ ಕೇಳಿರದ ಮಾತುಗಳು ಒಂದೊಂದಾಗಿ ಬಂದವು. ಆ ಬಂದೂಕುಗಳನ್ನು ಮೊದಲು ರಿಪೇರಿ ಮಾಡಿಕೊಟ್ಟವನೂ ಅದೇ ಕಮ್ಮಾರ. ಬಂದೂಕಿಗೆ ಕಿಡಿ ಹಿಡಿಯುವ ಬತ್ತಿ ಹೊಸೆದುಕೊಟ್ಟವರು ನೇಕಾರರ ಹೆಂಗಸರು. ಮದ್ದು ಅರೆದವನು ಉರುಸಿಗೆ ಪಟಾಕಿ ಮಾಡುತ್ತಿದ್ದ ಒಬ್ಬ ಸಾಬಣ್ಣ. ಅದಕ್ಕೆ ಗಂಧಕ ಕೊಟ್ಟವನು ತೇರದಾಳದ ಕಡೆಯ ಜೈನ ವ್ಯಾಪಾರಿ; ಯಾತಕ್ಕೆಂದು ಕೇಳದೆ ಅಳೆದುಕೊಟ್ಟಿದ್ದನಂತೆ. ಗುಡ್ಡದಲ್ಲಿ ಅಡಗಿದವರಿಗೆ ರೊಟ್ಟಿ ಮುಟ್ಟಿಸಿದವರು ಕುರುಬರು. ದಂಡು ಬರುವುದನ್ನು ಕಂಡು ಹಲಗೆ ಬಾರಿಸಿ ಊರನ್ನು ಎಬ್ಬಿಸಿದವನು ಮಾದರ ಕೇರಿಯವನು. ಮೊದಲ ಗುಂಡು ಬಿದ್ದದ್ದು ಅವನಿಗೆ.

“ನಮ್ಮವರು ಬಹಳ ಮಂದಿ ಸತ್ರು. ಅದಕ್ಕ ನಮ್ಮದ ಅಂತೇವಿ,” ಎಂದಳು. “ತಪ್ಪಲ್ಲ ಅದು. ಆದ್ರ ಪೂರಾನೂ ಅಲ್ಲ.”

“ನಿಮ್ಮನ್ನ ಉಳಸಾಕಂತ ಮುತ್ಯಾ ಬಂದೂಕ ಒಡದ್ನೇನು?” ಅತ್ತೆ ಕೇಳಿದಳು.

“ನನಗ ಗೊತ್ತಿಲ್ಲವಾ. ನಮಗಾಗಿ ಒಡದನೋ, ತನ್ನ ಜೀವದ ಆಸೆಗೆ ಒಡದನೋ. ನಾವಿದ್ದಲ್ಲಿ ಅವರು ಹುಡುಕಲಿಲ್ಲ. ಅಷ್ಟ ಗೊತ್ತು.”

ನಾನು ಅವಳನ್ನು ಕೇಳಿದೆ: “ಆಯಿ, ಇದನ್ನ ಚಾವಡಿಯಾಗ ಹೇಳತೀರೇನು?”

“ಅದಕ್ಕ ಎದ್ದು ಬಂದೇನಿ,” ಎಂದಳು. “ಮಕ್ಕಳು ಆ ಮಾತು ಒಪ್ಪಿಸಿದ್ರಂತ ನನ್ನ ಮರಿಮೊಮ್ಮಗಳು ಬಂದು ಹೇಳಿದ್ಲು. ಆ ಮಾತು ನಾನ ಹುಟ್ಟಸೇನಿ, ಬಾಯಿ ಮುಚ್ಚಿಕೊಂಡು.”

ಮರುದಿನ ಬೆಳಿಗ್ಗೆ ಚಾವಡಿಗೆ ಹೋದೆವು. ಯಜಮಾನರು, ಇನ್ನೂ ಐದಾರು ಜನ ಕೂತಿದ್ದರು. ಮುದುಕಿ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ತನ್ನ ಬಾಯಿ ಮುಚ್ಚಿಸಿದ ಕಾಕಾ ಈ ಯಜಮಾನರ ತಂದೆಯೇ ಎಂಬುದನ್ನೂ ಬಿಡಲಿಲ್ಲ. ಅವರ ಮುಖ ಕೆಂಪಾಯಿತು.

“ಅಕ್ಕಾ, ನೀ ಸಣ್ಣಾಕಿದ್ದಿ. ಏನ ನೋಡಿದ್ದಿ, ಏನ ನೆನಪು ಇರತೈತಿ?”

“ನಮ್ಮಪ್ಪನ್ನ ಕೈ ಕಟ್ಟಿ ಎಳಕೊಂಡು ಹೋಗಿದ್ದು, ಅಂವ ತಿರುಗಿ ನೋಡಲಾರದ ಹೋಗಿದ್ದು, ಇದನ್ನ ನಿಮಗ ಹೇಳಿದಾಕಿ ಯಾರು? ನಾನ. ಅದನ್ನ ಎದಿ ತಟ್ಟಿ ಹೇಳತೀರಿ. ಆ ಕಣ್ಣು ನಂಬತೀರಿ. ಅದ ಕಣ್ಣಿಲೆ ಇದನ್ನೂ ನೋಡೇನಿ ತಮ್ಮಾ.”

ಯಜಮಾನರು ಎದ್ದು ಮನೆಗೆ ಹೋದರು.

ಎರಡು ದಿನ ಬಿಟ್ಟು ಅವರ ಮೊಮ್ಮಗಳು ಬೇವಿನ ಮರದ ಕಡೆ ಬಂದಳು. ಅವಳ ಹಿಂದೆ ಇನ್ನೂ ನಾಲ್ವರು. ವಾರದ ಮೇಲೆ ಯಜಮಾನರೇ ಬಂದು ದೂರದಲ್ಲಿ ನಿಂತು ನೋಡಿದರು. ಮಾದರ ಕೇರಿಯ ಮಕ್ಕಳ ಪಕ್ಕದಲ್ಲೇ ಅವರ ಮೊಮ್ಮಗಳು ಕೂತಿದ್ದಳು.

“ಅಕ್ಕೋರ, ಕಮ್ಮಾರನ ಮಾತು ಆತು. ಅದರಾಗ ತಪ್ಪು ನಮ್ಮದು. ಇದು ಬ್ಯಾರೆ ಮಾತು. ಗುಡಿಗೆ ಮರಳಿ ಹೋಗ್ರಿ, ಮೊದಲಿನಂಗ ನಡೀಲಿ.”

“ಬ್ಯಾರೆ ಅಲ್ಲರಿ,” ಎಂದೆ. “ಹಲಗಿ ಬಾರಿಸಿದಾಂವ ಸತ್ತದ್ದಕ್ಕ ನಿಮ್ಮವರಿಗೆ ಗುಡ್ಡ ಏರಾಕ ವ್ಯಾಳ್ಯಾ ಸಿಕ್ಕಿತು. ಅವನ ಕೇರಿಯ ಮಕ್ಕಳು ಬಿಸಲಾಗ ಕುಂದ್ರಬೇಕಂದ್ರ ನಾನೂ ಅಲ್ಲೇ ಕುಂದರತೇನಿ. ಗುಡಿ ಒಳಗ ಅವರು ಬರಬಾರದಾ? ಆತು, ಹಂಗಾದ್ರ ಸಾಲಿನೂ ಗುಡಿಯಾಗ ಬ್ಯಾಡ.”

“ಮಳಿ ಬಂದ್ರ ಎಲ್ಲಿ ಕುಂದರಸ್ತೀರಿ?”

ಅದಕ್ಕೆ ಉತ್ತರ ಕೊಟ್ಟವಳು ಹಿಂದೆ ನಿಂತಿದ್ದ ಅತ್ತೆ. “ಕುಲುಮಿ ಐತಲ್ಲರಿ. ಗ್ವಾಡಿ ಗಟ್ಟಿ ಅದಾವ. ಮ್ಯಾಲ ಛಾವಣಿ ಹಾಕಿದ್ರ ಆತು.”

ಯಜಮಾನರು ತಕ್ಷಣ ಒಪ್ಪಲಿಲ್ಲ. ಇಪ್ಪತ್ತು ದಿನ ಬೇಕಾಯಿತು. ನಾಲ್ಕು ಮನೆಯವರು ಕಡೆಯವರೆಗೂ ತಮ್ಮ ಹೆಣ್ಣುಮಕ್ಕಳನ್ನು ಮತ್ತೆ ಕಳಿಸಲೇ ಇಲ್ಲ. ಅವರಲ್ಲಿ ಒಬ್ಬಳು ನನ್ನ ಅತ್ಯಂತ ಜಾಣ ಹುಡುಗಿ. ಆದರೆ ಮುಂಗಾರಿಗೆ ಮೊದಲು ಒಂದು ಬೆಳಿಗ್ಗೆ ಯಜಮಾನರ ಚಕ್ಕಡಿಯಲ್ಲಿ ತೊಲೆಗಳು ಬಂದು ಆ ಕಲ್ಲಿನ ಕಟ್ಟಡದ ಮುಂದೆ ಇಳಿದವು. ಕುರುಬರ ಓಣಿಯವರು ಹುಲ್ಲು ಕೊಟ್ಟರು. ಬಾಗಿಲಿಗೆ ಬಿಜಾಗರಿ, ಚಿಲಕ ಬೇಕಾಗಿತ್ತು. ಅಪ್ಪನಿಗೆ ಪತ್ರ ಬರೆದೆ. ಬರುತ್ತಾನೆಂಬ ನಂಬಿಕೆ ಇರಲಿಲ್ಲ. ಆರನೆಯ ದಿನ ಕಬ್ಬಿಣ, ಕೈತಿದಿ, ಸುತ್ತಿಗೆ ಹೊತ್ತು ಬಂದ.

ಬಂದವನು ಯಾರೊಂದಿಗೂ ಹೆಚ್ಚು ಮಾತಾಡಲಿಲ್ಲ. ತನ್ನ ಮುತ್ಯಾ ಕೂತಿದ್ದ ಜಾಗವನ್ನು ಅವನೇ ಗುರುತು ಹಿಡಿದ. ನೆಲದಲ್ಲಿ ಕಬ್ಬಿಣ ಬಡಿಯುವ ಅಡಿಗಲ್ಲು ಹೂತ ತಗ್ಗು ಇನ್ನೂ ಇತ್ತು. ಅಂದು ಮಧ್ಯಾಹ್ನ ಮುದುಕಿ ಬಂದು ಅವನಿಗೂ ಎಲ್ಲ ಹೇಳಿದಳು. ತೊಲೆ ಏರಿಸುತ್ತಿದ್ದವರು ಕೈ ಬಿಟ್ಟು ಕೇಳುತ್ತ ನಿಂತರು. ಯಜಮಾನರೂ ಇದ್ದರು. ಅಪ್ಪ ಕೇಳಿದ್ದು ಎರಡೇ ಮಾತು.

“ಎಷ್ಟು ದಿನ ಒಡದಾ ಅಂದ್ರಿ?”

“ಮೂರು ದಿನ.”

“ರಾಶಿ ಎಷ್ಟಿತ್ತು?”

ಮುದುಕಿ ತನ್ನ ಸೊಂಟದ ಎತ್ತರಕ್ಕೆ ಕೈ ಹಿಡಿದು ತೋರಿಸಿದಳು. ಅಪ್ಪ ಸುತ್ತಿಗೆ ಕೆಳಗಿಟ್ಟ.

“ಅರ್ಧ ದಿನದ ಕೆಲಸ ಅದು,” ಎಂದ ನಿಧಾನವಾಗಿ. “ಬಂದೂಕಿನ ನಳಗಿ ಕೆಂಪಗ ಕಾಸಿ ಒಂದು ಏಟು ಹಾಕಿದ್ರ ಮುಗೀತು, ಮತ್ತ ಬಂದೂಕ ಆಗೂದಿಲ್ಲ. ಅದು ತಿಳೀಲಾರದ ಕಮ್ಮಾರ ಇಲ್ಲ. ಮೂರು ದಿನ ಹಿಡದಾನ ಅಂದ್ರ ಕಾಸಲಾರದ ತಣ್ಣಗಿದ್ದದ್ದನ್ನ ಬಡಕೋತ ಕುಂತಾನ. ದಂಡು ಹೋಗೋ ತನಕ ಕುಲುಮಿ ಬಿಟ್ಟು ಏಳಬಾರದು ಅಂತ ಕುಂತಾನ.”

“ಹೌದು,” ಎಂದಳು ಮುದುಕಿ. “ಬಡಿಯೋ ಸಪ್ಪಳ ನಿಂದರಲೇ ಇಲ್ಲ. ಆ ಸಪ್ಪಳದಾಗ ನಾವು ಕೆಮ್ಮತಿದ್ವಿ.”

ಯಜಮಾನರು ತಲೆಯ ಪಟಗ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅಪ್ಪನ ಹತ್ತಿರ ಬಂದು, “ಊಟಕ್ಕ ನಮ್ಮ ಮನಿಗೆ ಬರ್ರಿ,” ಎಂದರು. ಅಪ್ಪ ಹೋದ.

ಅವನು ಎಂಟು ದಿನ ಇದ್ದ. ಬಾಗಿಲು ನಿಲ್ಲಿಸಿದ; ಬಿತ್ತನೆಗೆ ಮೊದಲು ಊರಿನ ಕುಳಗಳನ್ನೆಲ್ಲ ಬಡಿದುಕೊಟ್ಟ. ಇಲ್ಲೇ ಇರಿ ಎಂದು ಊರವರು ಕೇಳಿದರು. ಬನಹಟ್ಟಿಯ ಮಗ್ಗಗಳು ಕಾಯುತ್ತಿವೆ ಎಂದು ಹೇಳಿ ಹೊರಟ. ಆ ಊರಿನ ಮೇಲೆ ಅವನಿಗೆ ಪ್ರೀತಿ ಹುಟ್ಟಲಿಲ್ಲ, ಸಿಟ್ಟು ಮಾತ್ರ ಇಳಿದಿತ್ತು.

ಮುದುಕಿ ಮುಂದಿನ ವರ್ಷ ಸುಗ್ಗಿಯ ಹೊತ್ತಿಗೆ ತೀರಿಕೊಂಡಳು. ಸಂಸ್ಥಾನಗಳು ಹೋಗಿ ಮುಂಬಯಿ ಪ್ರಾಂತಕ್ಕೆ ಸೇರುವವರೆಗೂ ನಾನು ಅಲ್ಲಿಯೇ ಕಲಿಸಿದೆ. ಮಾದರ ಕೇರಿಯ ಆ ಮೂವರಲ್ಲಿ ದೊಡ್ಡವಳು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ ತಾನೂ ಶಾಲೆಯ ಕೆಲಸಕ್ಕೆ ಸೇರಿದಳು. ವಿಲೀನದ ನಂತರ ನನಗೆ ಬೀಳಗಿಗೆ ವರ್ಗವಾಯಿತು. ಸಾಮಾನು ಕಟ್ಟುವ ದಿನ ಅತ್ತೆಯ ಪೆಟ್ಟಿಗೆ ಕಾಣಲಿಲ್ಲ. ಇಷ್ಟು ವರ್ಷಗಳಲ್ಲಿ ಅವಳು ಊರಿನ ಬಾಣಂತಿಯರಿಗೆಲ್ಲ ಬೇಕಾದವಳಾಗಿದ್ದಳು. ಯಾರ ಮನೆಯಲ್ಲಿ ಹೆರಿಗೆಯಾದರೂ ಮೊದಲು ಅವಳನ್ನೇ ಕರೆಯುತ್ತಿದ್ದರು.

“ಅತ್ತಿ, ಚಕ್ಕಡಿ ಬಂದೈತಿ,” ಎಂದೆ.

ಅವಳು ಬಿಸಿನೀರಿನ ಹಂಡೆ ಇಳಿಸುತ್ತಿದ್ದಳು. “ನೀ ಹೋಗವಾ, ನೌಕರಿ ನಿಂದು,” ಎಂದಳು. “ಕೆಳಗಿನ ಓಣ್ಯಾಗ ಒಬ್ಬಾಕಿಗೆ ದಿನಾ ತುಂಬ್ಯಾವ. ನಾ ಇಲ್ಲೇ ಇರತೇನಿ. ನಮ್ಮಪ್ಪ ಹುಟ್ಟಿದೂರು ಇದು.”